ಮನೆಗೊಂದು ಪ್ರಿಂಟರ್, ಅಮ್ಮನ ಪುಸ್ತಕಕ್ಕೊಂದು ಸ್ಕ್ಯಾನರ್

ಭಾವ ಕೊಟ್ಟ ಪ್ರಿಂಟರ್ ನಮ್ಮ ಮನೆಯ ಕಪಾಟಿನ ಮೇಲೆ ನಾಲ್ಕು ವರ್ಷ ಇತ್ತು. ಅಷ್ಟು ವರ್ಷದಲ್ಲಿ ಅದು ಮುದ್ರಿಸಿದ ಹಾಳೆಗಳನ್ನೆಲ್ಲ ಒಟ್ಟುಮಾಡಿದರೂ ಐವತ್ತು ದಾಟಲಿಕ್ಕಿಲ್ಲ. ಬೇಕೆಂದಾಗಲೆಲ್ಲ ಅದರ ಶಾಯಿ ಒಣಗಿರುತ್ತಿತ್ತು. ಕಾರ್ಟ್ರಿಜ್ ಎಂಬ ಶಾಯಿಯ ಡಬ್ಬಿ ಹೊರತೆಗೆದು, ಬಿಸಿನೀರಿನಲ್ಲಿ ಅದ್ದಿ ಹಿಂಡಿದ ಬಟ್ಟೆಯ ಮೇಲೆ ಅದರ ಮೂತಿ ಒತ್ತಿ, ಮತ್ತೆ ಕೂರಿಸಿ, ಸ್ವಚ್ಛಗೊಳಿಸುವ ಗುಂಡಿ ಒತ್ತಿ ಕಾಯುತ್ತಿದ್ದೆ. ಮೂರು ಸಲ ಹೀಗೆ ಮಾಡಿದರೆ ಅಕ್ಷರ ಮೂಡುತ್ತಿತ್ತು. ಆದರೆ ಪ್ರತಿ ಸಲ ಸ್ವಚ್ಛಗೊಳಿಸುವಾಗಲೂ ಯಂತ್ರ ಶಾಯಿಯನ್ನೇ ಸುರಿದು ರಂಧ್ರ ತೊಳೆಯುವುದರಿಂದ, ಹಾಳೆಗೆ ಬರಬೇಕಾದ ಶಾಯಿಯ ಬಹುಪಾಲು ಯಂತ್ರದ ತಳದ ಸ್ಪಂಜಿಗೆ ಹೋಗುತ್ತಿತ್ತು. ಹೊಸ ಕಾರ್ಟ್ರಿಜ್ ಕೊಳ್ಳಲು ಹೋದಾಗಲೆಲ್ಲ ಇನ್ನಷ್ಟು ದುಡ್ಡು ಸೇರಿಸಿದರೆ ಇಂಥದ್ದೇ ಹೊಸ ಯಂತ್ರ ಬರುತ್ತದಲ್ಲ ಎನ್ನಿಸಿ ಸಂಕಟವಾಗುತ್ತಿತ್ತು.

ನಾನಿರುವುದು ಸಾಗರದಲ್ಲಿ. ಸಂಜೆಯ ಹೊತ್ತು, ಎಂಟನೇ ತರಗತಿಯಿಂದ ಹತ್ತನೇ ತರಗತಿಯವರೆಗಿನ ಮಕ್ಕಳಿಗೆ ಮನೆಯಲ್ಲೇ ಕನ್ನಡ ಮತ್ತು ಸಮಾಜ ವಿಜ್ಞಾನದ ಪಾಠ ಹೇಳುತ್ತೇನೆ. ವಾರಕ್ಕೊಂದು ಕಿರುಪರೀಕ್ಷೆ ಇಟ್ಟರೆ ಮಕ್ಕಳ ಕೈ ಬರವಣಿಗೆಗೆ ಪಳಗುತ್ತದೆ ಎಂಬುದು ನನ್ನ ಅನುಭವ. ಹಾಗಾಗಿ ಪೆನ್‌ಡ್ರೈವ್ ಹಿಡಿದು ಪೇಟೆಯ ಜೆರಾಕ್ಸ್ ಅಂಗಡಿಗೆ ಅಲೆಯುವುದು ತಪ್ಪುತ್ತಿರಲಿಲ್ಲ. ಜುಲೈ ತಿಂಗಳಿನಲ್ಲಿ ಕೊಡೆಯಡಿಯಲ್ಲಿ ಹಾಳೆಯ ಕಟ್ಟನ್ನು ಎದೆಗವಚಿಕೊಂಡು ಬಂದರೂ ಅಂಚು ನೆನೆದೇ ಇರುತ್ತಿತ್ತು.

ಆದರೆ ಪ್ರಿಂಟರ್ ಕೊಳ್ಳಲೇಬೇಕೆಂದು ನಿಶ್ಚಯಿಸಿದ್ದು ಪ್ರಶ್ನೆಪತ್ರಿಕೆಗಾಗಿ ಅಲ್ಲ. ಅಮ್ಮನ ಬಳಿ ಐದು ಹಾಡಿನ ಪುಸ್ತಕಗಳಿವೆ. ಮದುವೆ, ಉಪನಯನ, ಸೀಮಂತಗಳಲ್ಲಿ ಹೇಳುವ ಸಂಪ್ರದಾಯದ ಹಾಡುಗಳನ್ನು ಅಜ್ಜಿ ಹೇಳಿದಂತೆ ಕೇಳಿ, ಅಮ್ಮ ಹುಡುಗಿಯಾಗಿದ್ದಾಗ ನೋಟುಪುಸ್ತಕಗಳಲ್ಲಿ ಬರೆದುಕೊಂಡದ್ದು. ಹಸೆಗೆ ಕರೆಯುವ ಹಾಡು, ಆರತಿಯ ಹಾಡು, ಬೀಗರನ್ನು ಹಾಸ್ಯ ಮಾಡುವ ಹಾಡು ಎಲ್ಲ ಅದರಲ್ಲಿವೆ. ಕಳೆದ ದೀಪಾವಳಿಗೆ ತವರಿಗೆ ಹೋದಾಗ ನಾಗಂದಿಗೆಯ ಮೇಲಿದ್ದ ಆ ಪುಸ್ತಕಗಳನ್ನು ಇಳಿಸಿದರೆ, ಅಡಿಯಲ್ಲಿದ್ದ ಒಂದರ ಮೂಲೆಯನ್ನು ವರಲೆ ತಿಂದಿತ್ತು. ಹನ್ನೊಂದು ಹಾಡುಗಳ ಕೊನೆಯ ಸಾಲು ಹೋಗಿತ್ತು. ಅವುಗಳಲ್ಲಿ ಏಳನ್ನು ಅಮ್ಮ ನೆನಪಿನಿಂದ ತುಂಬಿಸಿಕೊಟ್ಟಳು. ಉಳಿದ ನಾಲ್ಕು ಅವಳಿಗೂ ನೆನಪಾಗಲಿಲ್ಲ.

ಅಂಗಡಿಗೆ ಹೋಗುವ ಮೊದಲು ನಾನು ಮಾಡಿದ ಒಂದು ಕೆಲಸವನ್ನು ಯಾರು ಕೇಳಿದರೂ ಹೇಳುತ್ತೇನೆ. ಫೆಬ್ರವರಿ ಪೂರ್ತಿ ಕ್ಯಾಲೆಂಡರಿನ ಪಕ್ಕದಲ್ಲಿ ಒಂದು ಹಾಳೆ ಅಂಟಿಸಿ, ಎಷ್ಟು ಪುಟ ಮುದ್ರಣ ಮಾಡಿಸಿದೆ, ಕಪ್ಪೋ ಬಣ್ಣವೋ, ಎಷ್ಟು ಪುಟ ಸ್ಕ್ಯಾನ್ ಮಾಡಿಸಿದೆ ಎಂದು ಗೀಟು ಹಾಕುತ್ತ ಹೋದೆ. ತಿಂಗಳ ಕೊನೆಗೆ ಕಪ್ಪು ಮುದ್ರಣ 236, ಬಣ್ಣದ್ದು 7, ಸ್ಕ್ಯಾನ್ 11. ಬಣ್ಣದ ಪ್ರಿಂಟರ್ ಇಲ್ಲದೆ ಆಗದು ಎಂದೇ ನಾನು ಅದುವರೆಗೆ ತಿಳಿದಿದ್ದೆ. ಏಳು ಪುಟಕ್ಕಾಗಿ ಬಣ್ಣದ ಯಂತ್ರ ಏಕೆ? ಭೂಪಟವೋ ಮಗಳ ಶಾಲೆಯ ಚಿತ್ರವೋ ಬೇಕಾದಾಗ ಪೇಟೆಯಲ್ಲೇ ಮಾಡಿಸಿದರಾಯಿತು. ಗೀಟುಗಳಿಂದ ಇನ್ನೊಂದು ಸಂಗತಿಯೂ ಹೊಳೆಯಿತು. ಏಪ್ರಿಲ್, ಮೇ ತಿಂಗಳಲ್ಲಿ ಪಾಠವಿಲ್ಲ, ನಾನು ತವರಿನಲ್ಲಿರುತ್ತೇನೆ. ಪ್ರಿಂಟರ್ ಎರಡು ತಿಂಗಳು ಸುಮ್ಮನೆ ಕೂರುತ್ತದೆ.

ಈ ಲೆಕ್ಕ ಕೈಯಲ್ಲಿದ್ದದ್ದರಿಂದ ಆಯ್ಕೆ ಸುಲಭವಾಯಿತು. ಮಾರುಕಟ್ಟೆಯಲ್ಲಿರುವ ಮನೆಬಳಕೆಯ ಯಂತ್ರಗಳು ಮುಖ್ಯವಾಗಿ ಮೂರು ಬಗೆ. ದ್ರವ ಶಾಯಿ ಚಿಮ್ಮಿಸುವ ಕಾರ್ಟ್ರಿಜ್‌ನ ಇಂಕ್‌ಜೆಟ್ ಯಂತ್ರ ಎಲ್ಲಕ್ಕಿಂತ ಅಗ್ಗ, ಅದರ ಶಾಯಿ ಎಲ್ಲಕ್ಕಿಂತ ದುಬಾರಿ. ತಿಂಗಳಿಗೆ ಹತ್ತು ಹಾಳೆ ಮುದ್ರಿಸುವವರು ಅದನ್ನು ಕೊಳ್ಳುವ ಬದಲು ಜೆರಾಕ್ಸ್ ಅಂಗಡಿಯನ್ನೇ ನಂಬುವುದು ಮೇಲು. ಎರಡನೆಯದು ಇಂಕ್ ಟ್ಯಾಂಕ್. ಪಾರದರ್ಶಕ ತೊಟ್ಟಿಗೆ ಬಾಟಲಿಯಿಂದ ಶಾಯಿ ಸುರಿಯುವುದು. 65 ಮಿಲಿಲೀಟರಿನ ಕಪ್ಪು ಶಾಯಿಯ ಬಾಟಲಿ ಸುಮಾರು 4,500 ಪುಟಕ್ಕೆ ಬರುತ್ತದೆಂದು ಹೇಳುತ್ತಾರೆ. ನಾನು ವಿಚಾರಿಸಿದ ಬೆಲೆಗೆ ಭಾಗಿಸಿ ನೋಡಿದರೆ ಪುಟಕ್ಕೆ ಹತ್ತು ಪೈಸೆಯೂ ಬೀಳುವುದಿಲ್ಲ. ಮೂರನೆಯದು ಕಪ್ಪು ಬಿಳುಪಿನ ಲೇಸರ್. ನಾನು ನೋಡಿದ ಯಂತ್ರದ ಟೋನರ್, ಅಂದರೆ ಶಾಯಿಯ ಬದಲು ಬಳಸುವ ಪುಡಿ, ಸುಮಾರು 3,000 ರೂಪಾಯಿ, ಬರುವುದು 2,600 ಪುಟ. ಅಂದರೆ ಪುಟಕ್ಕೆ 1 ರೂಪಾಯಿ 15 ಪೈಸೆ.

ಈ ಪುಟಗಳ ಲೆಕ್ಕ ಹೇಗೆ ಬರುತ್ತದೆ ಎಂಬುದನ್ನು ತಿಳಿದುಕೊಂಡದ್ದು ಒಳ್ಳೆಯದಾಯಿತು. ಕಪ್ಪು ಟೋನರಿನ ಇಳುವರಿ ಅಳೆಯಲು ಐಎಸ್‌ಒ/ಐಇಸಿ 19752 ಎಂಬ ಅಂತರರಾಷ್ಟ್ರೀಯ ಮಾನಕವಿದೆ. ಅದರಲ್ಲಿ ಎಲ್ಲರೂ ಒಂದೇ ನಿಗದಿತ ಪುಟವನ್ನು ಮುದ್ರಿಸುತ್ತ ಹೋಗಬೇಕು. ಆ ಪುಟದಲ್ಲಿ ಅಕ್ಷರ ವಿರಳ. ನನ್ನ ಪ್ರಶ್ನೆಪತ್ರಿಕೆಯೋ ಜಾಗ ಉಳಿಸಲು ಒತ್ತೊತ್ತಾಗಿ ತುಂಬಿದ್ದು. ಆದ್ದರಿಂದ ಹೇಳಿದ ಪುಟಗಳಲ್ಲಿ ಮೂರನೇ ಎರಡು ಪಾಲು ಬಂದರೆ ಸಾಕು ಎಂದೇ ಎಣಿಸಿದೆ. ಯಂತ್ರದ ಜೊತೆಗೆ ಬರುವ ಮೊದಲ ಟೋನರ್ ಸಾಮಾನ್ಯವಾಗಿ ಪೂರ್ತಿ ತುಂಬಿರುವುದಿಲ್ಲ. ಇಂಕ್ ಟ್ಯಾಂಕಿನ ಮೊದಲ ಬಾಟಲಿಯಲ್ಲೂ ಒಂದಷ್ಟು ಶಾಯಿ ಕೊಳವೆಗಳನ್ನು ತುಂಬಿಸಲಿಕ್ಕೇ ಹೋಗುತ್ತದೆ. ಇದನ್ನು ಅಂಗಡಿಯವರು ಕೇಳದೆ ಹೇಳುವುದಿಲ್ಲ, ಕೇಳಿದರೆ ಮುಚ್ಚಿಡುವುದೂ ಇಲ್ಲ.

ಲೆಕ್ಕವೆಲ್ಲ ಟ್ಯಾಂಕಿನ ಪರವಾಗಿಯೇ ಇತ್ತು. ವಾರಕ್ಕೆ ಒಂದೆರಡು ಸಲವಾದರೂ ತಪ್ಪದೆ ಮುದ್ರಿಸುವವರಿಗೆ, ಮಕ್ಕಳ ಬಣ್ಣದ ಕೆಲಸ ಇರುವವರಿಗೆ ನಾನು ಅದನ್ನೇ ಹೇಳುತ್ತೇನೆ. ನನ್ನನ್ನು ಹಿಂದೆಗೆಯುವಂತೆ ಮಾಡಿದ್ದು ಎರಡು ತಿಂಗಳ ರಜೆ. ಟ್ಯಾಂಕಿನದೂ ದ್ರವ ಶಾಯಿಯೇ, ಕೂದಲೆಳೆಗಿಂತ ಸಣ್ಣ ರಂಧ್ರದಿಂದಲೇ ಅದು ಹೊರಬರಬೇಕು. ನಾಲ್ಕು ವರ್ಷ ಬಿಸಿನೀರಿನ ಬಟ್ಟೆ ಹಿಡಿದು ಕೂತವಳಿಗೆ ಮತ್ತೆ ಆ ಕೆಲಸ ಬೇಡವಾಗಿತ್ತು.

ಇನ್ನೊಂದು ಕಾರಣ ಮಳೆ. ಪರಿಚಯದ ಮೂರು ಮನೆಗಳಿಂದ ಮುದ್ರಿತ ಹಾಳೆ ಬೇಡಿ ತಂದೆ. ಎರಡು ಟ್ಯಾಂಕ್ ಪ್ರಿಂಟರಿನವು, ಒಂದು ಲೇಸರಿನದು. ಅಡುಗೆಮನೆಯ ಕಟ್ಟೆಯ ಮೇಲೆ ಸಾಲಾಗಿ ಹಾಸಿ, ಪ್ರತಿಯೊಂದರ ಮೇಲೂ ಬೆರಳ ತುದಿಯಿಂದ ಒಂದೊಂದು ಹನಿ ನೀರು ಬಿಟ್ಟೆ. ನಿಮಿಷ ಬಿಟ್ಟು ಬೆರಳಿನಿಂದ ಸವರಿದೆ. ಒಂದು ಟ್ಯಾಂಕ್ ಪ್ರಿಂಟರಿನ ಅಕ್ಷರಗಳು ಕರಗಿ ನೇರಳೆ ಬಣ್ಣದ ಕಲೆಯಾದವು. ಇನ್ನೊಂದರದು ನಿಂತಿತು. ವಿಚಾರಿಸಿದರೆ ಮೊದಲನೆಯದರಲ್ಲಿ ನೀರಿನಲ್ಲಿ ಕರಗುವ ಬಣ್ಣದ ಶಾಯಿ, ಎರಡನೆಯದರ ಕಪ್ಪು ಮಾತ್ರ ನೀರಿನಲ್ಲಿ ಕರಗದ ಕಣಗಳ ಪಿಗ್ಮೆಂಟ್ ಶಾಯಿ ಎಂದು ತಿಳಿಯಿತು. ಟ್ಯಾಂಕ್ ಕೊಳ್ಳುವವರು ಕಪ್ಪು ಶಾಯಿ ಪಿಗ್ಮೆಂಟೇ ಎಂದು ಕೇಳಿ ತಿಳಿದುಕೊಳ್ಳಬೇಕು. ಲೇಸರಿನ ಹಾಳೆಯನ್ನು ಎಷ್ಟು ಉಜ್ಜಿದರೂ ಅಕ್ಷರ ಅಲುಗಲಿಲ್ಲ. ಅದರಲ್ಲಿರುವುದು ಪ್ಲಾಸ್ಟಿಕ್ಕಿನ ನುಣುಪು ಪುಡಿ. ಬಿಸಿ ಉರುಳೆಯ ನಡುವೆ ಹಾಯುವಾಗ ಕರಗಿ ಕಾಗದಕ್ಕೆ ಬೆಸೆದುಕೊಳ್ಳುತ್ತದೆ. ಜೆರಾಕ್ಸ್ ಯಂತ್ರದ ವಿದ್ಯೆಯೂ ಇದೇ. ಚೆಸ್ಟರ್ ಕಾರ್ಲ್‌ಸನ್ 1938ರಲ್ಲಿ ಒಣಪುಡಿಯಿಂದ ಅಕ್ಷರ ಮೂಡಿಸಿ ಇದಕ್ಕೆ ತಳಹದಿ ಹಾಕಿದವರು. ಪುಡಿ ಒಣಗುವ ಪ್ರಶ್ನೆಯೇ ಇಲ್ಲವಾದ್ದರಿಂದ ಎರಡು ತಿಂಗಳು ಸುಮ್ಮನೆ ಬಿಟ್ಟರೂ ಮೊದಲ ಹಾಳೆ ಸರಿಯಾಗಿಯೇ ಬರುತ್ತದೆ.

ಪ್ರಿಂಟರ್ ನಿರ್ಧಾರವಾಯಿತು. ಉಳಿದದ್ದು ಸ್ಕ್ಯಾನರ್, ನನಗೆ ನಿಜವಾಗಿ ಬೇಕಾಗಿದ್ದದ್ದು. ನಮ್ಮಲ್ಲಿ ಅದನ್ನು ಪ್ರಿಂಟರಿನ ಬೆನ್ನಿಗೆ ಅಂಟಿ ಬಂದ ಉಚಿತ ವಸ್ತುವಿನಂತೆ ನೋಡುತ್ತಾರೆ. ಶಿವಮೊಗ್ಗದ ಅಂಗಡಿಗೆ ಹೋಗುವಾಗ ನಾನು ಲ್ಯಾಪ್‌ಟಾಪ್ ಜೊತೆಗೆ ಅಮ್ಮನ ಒಂದು ಪುಸ್ತಕವನ್ನೂ ಅಪ್ಪನ ಜಮೀನಿನ ಹಳೆಯ ಕ್ರಯಪತ್ರವನ್ನೂ ಚೀಲದಲ್ಲಿ ಹಾಕಿಕೊಂಡೆ. ಸಾಗರದಿಂದ ಸುಮಾರು 70 ಕಿಲೋಮೀಟರ್ ಬಸ್ಸಿನಲ್ಲಿ ಹೋಗಿ, ಮನೆಗೆ ತಂದ ಮೇಲೆ ಪೇಚಾಡುವಂತಾಗಬಾರದಲ್ಲ.

ಅಂಗಡಿಯ ಹುಡುಗ ಒಳ್ಳೆಯವನು. ಪ್ರದರ್ಶನಕ್ಕಿಟ್ಟ ಯಂತ್ರವನ್ನು ಚಾಲೂ ಮಾಡಿ, “ಯಾವುದು ಬೇಕಾದರೂ ಹಾಕಿ ನೋಡಿ ಮೇಡಂ” ಎಂದ. ಹಾಡಿನ ಪುಸ್ತಕವನ್ನು ನಡುವೆ ಬಿಡಿಸಿ ಗಾಜಿನ ಮೇಲೆ ಬೋರಲು ಹಾಕಿದೆ. ಪರದೆಯಲ್ಲಿ ಮೂಡಿದ ಚಿತ್ರ ನೋಡಿ ಎದೆ ಧಸಕ್ಕೆಂದಿತು. ಹೊಲಿಗೆಯ ಬಳಿ ಪುಟ ಗಾಜಿನಿಂದ ಮೇಲೆದ್ದು ಬಾಗಿರುವ ಕಡೆ ಬೆರಳಗಲ ಕಪ್ಪು ನೆರಳು, ಅದರ ಪಕ್ಕ ಮಂಜು ಕವಿದಂಥ ಅಕ್ಷರ. ಬಲಪುಟದಲ್ಲಿ ಪ್ರತಿ ಸಾಲಿನ ಮೊದಲ ಎರಡು ಮೂರು ಅಕ್ಷರಗಳೇ ಹೋಗಿದ್ದವು. ಆ ಹಾಡುಗಳ ಪ್ರಾಸ ಕೂತಿರುವುದೇ ಸಾಲಿನ ಎರಡನೆಯ ಅಕ್ಷರದಲ್ಲಿ. ಅದೇ ಕಾಣದಿದ್ದರೆ ಉಳಿದದ್ದನ್ನು ಇಟ್ಟುಕೊಂಡು ಏನು ಮಾಡುವುದು?

“ಇದು 1200 ಡಿಪಿಐ. 4800ರದ್ದು ತೆಗೆದುಕೊಂಡರೆ ಸ್ಪಷ್ಟ ಬರುತ್ತದೆ” ಎಂದು ಹುಡುಗ ಹೇಳಿದ. ಅವನು ನಂಬಿಯೇ ಹೇಳಿದ, ಆದರೆ ಅದು ಸರಿಯಲ್ಲ. ಒಂದು ಅಂಗುಲದಲ್ಲಿ ಎಷ್ಟು ಚುಕ್ಕಿ ಎಂಬುದಕ್ಕೂ ಗಾಜಿನಿಂದ ಎಷ್ಟು ಮೇಲಿದ್ದರೂ ಕಾಣುತ್ತದೆ ಎಂಬುದಕ್ಕೂ ಸಂಬಂಧವಿಲ್ಲ. ತೆಳುವಾದ ಸ್ಕ್ಯಾನರ್‌ಗಳಲ್ಲೂ ಮುದ್ರಣ, ಸ್ಕ್ಯಾನ್ ಎರಡನ್ನೂ ಮಾಡುವ ಮನೆಬಳಕೆಯ ಬಹುತೇಕ ಆಲ್ ಇನ್ ಒನ್ ಯಂತ್ರಗಳಲ್ಲೂ ಇರುವುದು ಸಿಐಎಸ್ ಎಂಬ ಸಂವೇದಕ. ಗಾಜಿಗೆ ತಾಗಿದಂತೆಯೇ ಹಿಂದೆಮುಂದೆ ಚಲಿಸುವ ಪಟ್ಟಿ ಅದು. ಗಾಜಿಗೆ ಅಂಟಿ ಕೂತದ್ದನ್ನು ಚೆನ್ನಾಗಿ ಓದುತ್ತದೆ, ಒಂದೆರಡು ಮಿಲಿಮೀಟರ್ ಮೇಲೆದ್ದರೆ ಮಸುಕು. ಕ್ಯಾನನ್‌ನ ಲೈಡ್ ಸರಣಿಯಂಥ ಹಗುರ ಸ್ಕ್ಯಾನರ್‌ಗಳು ಯುಎಸ್‌ಬಿ ತಂತಿಯಿಂದಲೇ ವಿದ್ಯುತ್ತನ್ನೂ ಪಡೆದು ನಡೆಯುವುದು ಈ ತಂತ್ರದಿಂದ. ಸಿಸಿಡಿ ಎಂಬ ಇನ್ನೊಂದು ಬಗೆಯಲ್ಲಿ ದೀಪ, ಕನ್ನಡಿಗಳು, ಮಸೂರ ಎಲ್ಲ ಇರುತ್ತವೆ. ಅವು ದಪ್ಪ, ಭಾರ, ದುಬಾರಿ. ಆದರೆ ಬಾಗಿದ ಪುಟದ ಆಳವನ್ನೂ ಸಾಕಷ್ಟು ಹಿಡಿಯುತ್ತವೆ. ಎಪ್ಸನ್ ಪರ್ಫೆಕ್ಷನ್ ವಿ600 ಆ ಬಗೆಯದು. ಅದರ ಬೆಲೆ ಕೇಳಿದೆ. ನನ್ನ ಇಡೀ ಖರ್ಚಿನ ಮಿತಿಯನ್ನು ಅದೊಂದೇ ನುಂಗುತ್ತಿತ್ತು.

ಕ್ರಯಪತ್ರದ ಕಥೆ ಬೇರೆ. ಛಾಪಾ ಕಾಗದ ಎ4ಗಿಂತ ಉದ್ದ. ಎ4 ಹಾಳೆ 297 ಮಿಲಿಮೀಟರ್ ಉದ್ದವಿದ್ದರೆ, ಲೀಗಲ್ ಅಳತೆಯದು 356. ಮನೆಬಳಕೆಯ ಗಾಜು ಎ4ಗೇ ಮುಗಿಯುತ್ತದೆ. ಅಪ್ಪನ ಪತ್ರದ ಕೆಳಭಾಗದ ನೋಂದಣಿ ಮುದ್ರೆಯೂ ಸಹಿಗಳೂ ಚಿತ್ರದ ಹೊರಗೇ ಉಳಿದವು. ಮೇಲಿಂದ ಹಾಳೆ ಎಳೆದುಕೊಳ್ಳುವ ಫೀಡರ್ ಇರುವ ಯಂತ್ರ ಉದ್ದ ಹಾಳೆಯನ್ನೂ ಓದುತ್ತದೆ. ಆದರೆ ಮಡಿಕೆ ಮಡಿಕೆಯಲ್ಲಿ ಸೀಳು ಬಿಟ್ಟ ಹಳೆಯ ಪತ್ರವನ್ನು ಉರುಳೆಗಳ ಬಾಯಿಗೆ ಕೊಡಲು ನನಗೆ ಮನಸ್ಸು ಬರಲಿಲ್ಲ. ಅಂಥದ್ದನ್ನು ಯಾರೂ ಕೊಡಬಾರದು. ಎರಡು ಸಲ ಸ್ಕ್ಯಾನ್ ಮಾಡಿ, ನಡುವೆ ನಾಲ್ಕು ಸಾಲು ಎರಡರಲ್ಲೂ ಬರುವಂತೆ ನೋಡಿಕೊಂಡು ಜೋಡಿಸುವುದೆಂದು ತೀರ್ಮಾನಿಸಿದೆ.

ಆ ದಿನ ಏನನ್ನೂ ಕೊಳ್ಳದೆ ಹಿಂದಿರುಗಿದೆ. ರಾತ್ರಿ ಅಮ್ಮನಿಗೆ ಫೋನ್ ಮಾಡಿ, ಎಲ್ಲ ಸರಿ, ಪುಸ್ತಕದ ನಡುವೆ ಅಕ್ಷರ ಹಿಡಿಯುತ್ತಿಲ್ಲ, ಒತ್ತಿ ಹಿಡಿದರೆ ಬೆನ್ನು ಮುರಿಯುತ್ತದೆ ಎಂದು ಹೇಳಿಕೊಂಡೆ. ಅವಳು ಒಂದು ಕ್ಷಣವೂ ಯೋಚಿಸಲಿಲ್ಲ. “ಒತ್ತಬೇಡ ತಂಗೀ. ಹೊಲಿಗೆ ಬಿಚ್ಚಿಬಿಡು. ಮಳೆ ಹಿಡಿದ ಮೇಲೆ ನಾನು ಬಂದಾಗ ಹೊಲಿದು ಕೊಡುತ್ತೇನೆ. ಮೊದಲು ಹೊಲಿದದ್ದೂ ನಾನೇ ಅಲ್ಲವೇ?”

ಮೂರು ತಿಂಗಳಿನಿಂದ ಯಂತ್ರದ ಕಡೆಯಿಂದಲೇ ನೋಡುತ್ತಿದ್ದೆ. ಪುಸ್ತಕದ ಕಡೆಯಿಂದ ನೋಡಿದವಳು ಅವಳು. ಪುಟ ಬಿಡಿಯಾಗಿ ಗಾಜಿನ ಮೇಲೆ ಚಪ್ಪಟೆಯಾಗಿ ಕೂರುವುದಾದರೆ ಸಾಮಾನ್ಯ ಸಿಐಎಸ್ ಸ್ಕ್ಯಾನರ್ ಧಾರಾಳ ಸಾಕು. ಮುಂದಿನ ವಾರ ಶಿವಮೊಗ್ಗಕ್ಕೆ ಹೋಗಿ, ಎರಡೂ ಬದಿ ತಾನೇ ಮುದ್ರಿಸುವ, ಮೇಲೆ ಗಾಜಿನ ಸ್ಕ್ಯಾನರ್ ಇರುವ, ವೈಫೈ ಇರುವ ಕಪ್ಪು ಬಿಳುಪಿನ ಲೇಸರ್ ಯಂತ್ರ ತಂದೆ.

ಕೊಳ್ಳುವ ಮೊದಲು ಅಂಗಡಿಯಲ್ಲೇ ಒಂದು ಪುಟ ಮುದ್ರಿಸಿ ನೋಡಿದೆ. ಇಂಗ್ಲಿಷಿನ ಮಾದರಿ ಪುಟ ಎಲ್ಲ ಯಂತ್ರದಲ್ಲೂ ಚೆನ್ನಾಗಿಯೇ ಬರುತ್ತದೆ. ಕನ್ನಡದ ಒತ್ತಕ್ಷರ ಬಂದಾಗ ಯಂತ್ರದ ಗುಣ ಗೊತ್ತಾಗುತ್ತದೆ. ರಾಷ್ಟ್ರ, ಸ್ತ್ರೀ, ಲಕ್ಷ್ಮಿ, ವೈಶಿಷ್ಟ್ಯ ಎಂದು 8 ಪಾಯಿಂಟಿನ ಸಣ್ಣ ಅಕ್ಷರದಲ್ಲಿ ಬರೆದ ಸಾಲುಗಳನ್ನು ಒಯ್ದಿದ್ದೆ. ಲೇಸರಿನಲ್ಲಿ ಟಕಾರದ ಒತ್ತಿನ ಕೆಳಗಿನ ರಕಾರದ ಸುರುಳಿಯೂ ಬಿಡಿಯಾಗಿ ಕಾಣುತ್ತಿತ್ತು. ಪಕ್ಕದ ಇಂಕ್‌ಜೆಟ್‌ನಲ್ಲಿ ಅದೇ 75 ಜಿಎಸ್‌ಎಂ (ಚದರ ಮೀಟರಿಗೆ 75 ಗ್ರಾಂ) ಕಾಗದದ ನಾರಿನಲ್ಲಿ ಶಾಯಿ ಹರಡಿ ಒತ್ತುಗಳು ಒಂದಕ್ಕೊಂದು ಅಂಟಿಕೊಂಡಿದ್ದವು.

ನನ್ನ ಲ್ಯಾಪ್‌ಟಾಪಿನಲ್ಲಿರುವುದು ವಿಂಡೋಸ್ ಬದಲಿಗೆ ಉಬುಂಟು ಎಂಬ ಉಚಿತ ಕಾರ್ಯಾಚರಣೆ ವ್ಯವಸ್ಥೆ. ಅಕ್ಕನ ಮಗ ಹಾಕಿಕೊಟ್ಟದ್ದು, ಹಳೆಯ ಲ್ಯಾಪ್‌ಟಾಪ್ ಅದರಿಂದಲೇ ಇನ್ನೂ ಚುರುಕಾಗಿದೆ. ಪ್ರತಿ ಯಂತ್ರಕ್ಕೂ ಅದನ್ನು ನಡೆಸುವ ಬೇರೆ ಡ್ರೈವರ್ ತಂತ್ರಾಂಶ ಹುಡುಕುವ ಕಾಲ ಬಹುಮಟ್ಟಿಗೆ ಹೋಗಿದೆ ಎಂದು ಅವನೇ ಹೇಳಿದ್ದ. ಪೆಟ್ಟಿಗೆಯ ಮೇಲೆ ಏರ್‌ಪ್ರಿಂಟ್ (ಡ್ರೈವರ್ ಇಲ್ಲದೆ ಮುದ್ರಿಸುವ ಆಪಲ್‌ನ ವ್ಯವಸ್ಥೆ) ಎಂದಿದ್ದರೆ ಆಪಲ್ ಅಲ್ಲದ ಲ್ಯಾಪ್‌ಟಾಪಿಗೂ ಒಳ್ಳೆಯ ಲಕ್ಷಣ, ಏಕೆಂದರೆ ಉಬುಂಟು ಅದೇ ಭಾಷೆಯಲ್ಲಿ ಪ್ರಿಂಟರಿನ ಜೊತೆ ಮಾತಾಡಬಲ್ಲದು. ಆದರೂ ಮೊದಲ ದಿನ ಪ್ರಿಂಟರಿಗೆ ನಮ್ಮ ಮನೆಯ ವೈಫೈ ಕಾಣಲೇ ಇಲ್ಲ. ಎರಡು ಗಂಟೆ ಒದ್ದಾಡಿದ ಮೇಲೆ ಕಾರಣ ತಿಳಿಯಿತು. ಪ್ರಿಂಟರಿಗೆ ಗೊತ್ತಿರುವುದು ವೈಫೈನ 2.4 ಗಿಗಾಹರ್ಟ್ಸ್ ಅಲೆ ಮಾತ್ರ. ರೂಟರಿನಲ್ಲಿ ಅದನ್ನು ಬಂದ್ ಮಾಡಿ, 5 ಗಿಗಾಹರ್ಟ್ಸ್ ಒಂದನ್ನೇ ಇಟ್ಟುಕೊಂಡಿದ್ದೆವು. ಅದನ್ನೂ ಚಾಲೂ ಮಾಡಿದ ಕೂಡಲೇ ಕೆಲಸವಾಯಿತು. ಎಲ್ಲ ಗಣಕಗಳಿಗೂ ಅರ್ಥವಾಗುವ ಯೂನಿಕೋಡ್ ಎಂಬ ಅಕ್ಷರ ವ್ಯವಸ್ಥೆಗೆ ಮುಂಚಿನ ಅಕ್ಷರಗಳಲ್ಲಿ ಟೈಪ್ ಮಾಡಿದ್ದ ಹಳೆಯ ಪ್ರಶ್ನೆಪತ್ರಿಕೆಗಳು ಮಾತ್ರ ಅರ್ಥವಿಲ್ಲದ ಚಿಹ್ನೆಗಳಾಗಿ ಬಂದವು. ಅವನ್ನು ಹಳೆಯ ಗಣಕದಲ್ಲೇ ಪಿಡಿಎಫ್ ಮಾಡಿ ತರಬೇಕಾಯಿತು.

ಲೇಸರ್ ಕೊಳ್ಳುವವರಿಗೆ ಒಂದು ಎಚ್ಚರಿಕೆ. ಉರುಳೆ ಕಾಯುವಾಗ ಅದು ಒಮ್ಮೆಲೇ ಬಹಳ ವಿದ್ಯುತ್ ಎಳೆಯುತ್ತದೆ. ನಮ್ಮಲ್ಲಿ ಮಳೆಗಾಲದಲ್ಲಿ ಕರೆಂಟು ಹೋಗುವುದು ಮಾಮೂಲು. ಮನೆಯ ಚಿಕ್ಕ ಇನ್ವರ್ಟರಿನ ಸಾಲಿನಲ್ಲಿ ಅದರ ಪ್ಲಗ್ ಇರದಂತೆ ವಿದ್ಯುತ್ ಕೆಲಸದವರಿಗೆ ಹೇಳಿ ಬೇರೆ ಮಾಡಿಸಿದೆ. ಕಾಗದವನ್ನು ಟ್ರೇಯಲ್ಲಿ ತುಂಬಿಡುವುದನ್ನೂ ಬಿಟ್ಟೆ. ಜೂನ್‌ನಲ್ಲಿ ಹಾಳೆ ತೇವ ಹೀರಿ ಅಲೆಯಲೆಯಾಗಿ ಒಳಗೆ ಸಿಕ್ಕಿಕೊಳ್ಳುತ್ತಿತ್ತು. ಈಗ ಕಟ್ಟನ್ನು ಪ್ಲಾಸ್ಟಿಕ್ ಚೀಲದಲ್ಲಿ ಬಿಗಿದು ಕಟ್ಟಿಟ್ಟು, ಬೇಕಾದಷ್ಟೇ ತೆಗೆದು ಹಾಕುತ್ತೇನೆ.

ಅಮ್ಮ ಬಂದದ್ದು ಜುಲೈ ಮೊದಲ ವಾರ. ಕಿಟಕಿಯ ಬಳಿ ಕೂತು, ಬ್ಲೇಡಿನ ತುದಿಯಿಂದ ಹೊಲಿಗೆಯ ದಾರವನ್ನು ಒಂದೊಂದೇ ಕಡೆ ಕತ್ತರಿಸಿ ಎಳೆದಳು. ನಡುವೆ ಹೊಲಿದ ನೋಟುಪುಸ್ತಕವಾದ್ದರಿಂದ ಹಾಳೆಗಳು ಜೋಡಿ ಪುಟಗಳಾಗಿ ಬಿಡಿಸಿಕೊಂಡವು. ಅವು ಅದಲುಬದಲಾದರೆ ಹಾಡು ಕಲಸಿಹೋಗುತ್ತದೆಂದು ಮೂಲೆಯಲ್ಲಿ ಪೆನ್ಸಿಲಿನಿಂದ ಸಣ್ಣದಾಗಿ ಸಂಖ್ಯೆ ಹಾಕಿದೆವು. ಒಂದು ಪುಟ 18 ಸೆಂಟಿಮೀಟರ್ ಅಗಲ, ಗಾಜು ಸುಮಾರು 21.6. ಮಡಿಕೆ ಗಾಜಿನ ಒಳಗೇ ಬೀಳುವಂತೆ ಒಂದು ಪುಟವಿಟ್ಟು, ಜೊತೆಯ ಪುಟವನ್ನು ಯಂತ್ರದ ಮುಂದೆ ಇಳಿಬಿಟ್ಟೆ. ಅಮ್ಮ ಅದನ್ನು ಅಂಗೈಯಲ್ಲಿ ಹಿಡಿದು ನಿಲ್ಲುತ್ತಿದ್ದಳು.

ಮೊದಲ ಪುಟವನ್ನು ಕಪ್ಪು ಬಿಳುಪಿನ ಪಠ್ಯ ಎಂಬ ಆಯ್ಕೆಯಲ್ಲಿ ಸ್ಕ್ಯಾನ್ ಮಾಡಿದೆ. ಕಡತ ಚಿಕ್ಕದಾಗಿತ್ತು, ಆದರೆ ಸಾಲಿನ ಮೇಲೆ ಅಜ್ಜಿ ಹೇಳಿದ ರಾಗದ ಗುರುತಿಗಾಗಿ ಅಮ್ಮ ಪೆನ್ಸಿಲಿನಲ್ಲಿ ಹಾಕಿದ್ದ ಎಳೆತದ ಗೆರೆಗಳು ಒಂದೂ ಉಳಿದಿರಲಿಲ್ಲ. ಆ ಆಯ್ಕೆಯಲ್ಲಿ ಪ್ರತಿ ಚುಕ್ಕಿಯೂ ಕಪ್ಪು ಇಲ್ಲವೇ ಬಿಳಿ, ಮಸುಕಾದದ್ದೆಲ್ಲ ಬಿಳಿಗೆ ಹೋಗುತ್ತದೆ. ಹಾಗಾಗಿ ಎಲ್ಲವನ್ನೂ ಬಣ್ಣದಲ್ಲಿ, 300 ಡಿಪಿಐನಲ್ಲಿ ತೆಗೆದೆ. ಎ4 ಪುಟವೊಂದು ಕುಗ್ಗಿಸದ ರೂಪದಲ್ಲಿ ಸುಮಾರು 26 ಎಂಬಿ ಆಗುತ್ತದೆ, 600 ಡಿಪಿಐ ಎಂದರೆ ಅದರ ನಾಲ್ಕು ಪಟ್ಟು. ಕೈಬರಹ ಓದಲು 300 ಸಾಕು. ವರಲೆ ತಿಂದ ಅಂಚಿನ ಪುಟಗಳನ್ನು ಮಾತ್ರ 600ರಲ್ಲಿ ತೆಗೆದೆ. ಎನ್‌ಎಪಿಎಸ್2 ಎಂಬ ಉಚಿತ ತಂತ್ರಾಂಶ ಬಳಸಿದೆ. ಮುದ್ರಿತ ಕನ್ನಡವನ್ನು ಚಿತ್ರದಿಂದ ಅಕ್ಷರಕ್ಕೆ ತರಲು ಟೆಸೆರಾಕ್ಟ್ ಎಂಬ ತಂತ್ರಾಂಶವಿದೆ, ಪಠ್ಯಪುಸ್ತಕದ ಪುಟಗಳಿಗೆ ಅದನ್ನು ಬಳಸುತ್ತೇನೆ. ಅಮ್ಮನ ಕೈಬರಹ ಅದಕ್ಕೆ ದಕ್ಕಲಿಲ್ಲ. ಹಾಡುಗಳನ್ನು ನಾನೇ ಟೈಪ್ ಮಾಡುತ್ತ ಬಂದೆ, ಕಡತಕ್ಕೆ ಆಯಾ ಹಾಡಿನ ಮೊದಲ ಸಾಲಿನ ಹೆಸರನ್ನೇ ಇಟ್ಟೆ.

ಐದು ಪುಸ್ತಕಕ್ಕೆ ಹದಿನೆಂಟು ದಿನ ಹಿಡಿಯಿತು. ಮುಗಿದ ಪುಸ್ತಕವನ್ನು ಅಮ್ಮ ದಬ್ಬಣ ಹಿಡಿದು, ಹಳೆಯ ತೂತುಗಳಲ್ಲೇ ಹೊಸ ದಾರ ಹಾಯಿಸಿ ಹೊಲಿದಳು. ಹೊಸ ತೂತು ಮಾಡಿದರೆ ಹಾಳೆ ಹರಿಯುತ್ತದಂತೆ.

ಅವಳಿಗೀಗ ತನ್ನದೇ ಸಣ್ಣ ಅಕ್ಷರ ಕಾಣುವುದಿಲ್ಲ. ಟೈಪ್ ಮಾಡಿದ್ದನ್ನು 20 ಪಾಯಿಂಟಿನಲ್ಲಿ ಮುದ್ರಿಸಿ ಕೊಟ್ಟೆ. ನವೆಂಬರಿನಲ್ಲಿ ಚಿಕ್ಕಪ್ಪನ ಮೊಮ್ಮಗಳ ಮದುವೆಗೆ ಆ ಹಾಳೆಗಳನ್ನೇ ಒಯ್ದಿದ್ದಳು. ಅರಿಶಿನ ನೀರಿನ ಕೈಯಿಂದಲೇ ಹೆಂಗಸರು ಒಬ್ಬರಿಂದೊಬ್ಬರು ಇಸಿದುಕೊಂಡು ಹಾಡಿದರು. ಮನೆಗೆ ಬಂದ ಮೇಲೆ ನೋಡಿದರೆ ಹಾಳೆಯ ತುಂಬ ಹಳದಿ ಬೆರಳಿನ ಗುರುತು, ಅಕ್ಷರ ಒಂದೂ ಕದಡಿರಲಿಲ್ಲ. ಒಂದು ಹಾಳೆಯ ಹಿಂಬದಿಯಲ್ಲಿ ಯಾರೋ ಪೆನ್ನಿನಿಂದ ಎರಡು ಸಾಲು ಬರೆದಿದ್ದರು. ವರಲೆ ತಿಂದ ನಾಲ್ಕು ಹಾಡುಗಳಲ್ಲಿ ಒಂದರ ಕೊನೆ ಅದು. ಬೀಗರ ಕಡೆಯ ಒಬ್ಬ ಅಜ್ಜಿಗೆ ನೆನಪಿತ್ತಂತೆ. ಆ ಹಾಳೆಯನ್ನೂ ಬಣ್ಣದಲ್ಲಿ, 600 ಡಿಪಿಐನಲ್ಲಿ ಸ್ಕ್ಯಾನ್ ಮಾಡಿ ಆ ಹಾಡಿನ ಕಡತದ ಜೊತೆಗೆ ಇಟ್ಟಿದ್ದೇನೆ.